ಗ್ಲೌಸ್ ತುರಿಕೆಗೆ ಸೋಪನ್ನು ಬೈಯುವ ಮೊದಲು

ಮುಂಬೈ, ಪುಣೆಯ ನರ್ಸಿಂಗ್ ಹೋಮ್‌ಗಳಲ್ಲಿರುವ ನಮ್ಮ ಸಿಸ್ಟರ್‌ಗಳು, ಆಯಾಗಳು, ಮಾಟುಂಗಾದಿಂದ ಡೊಂಬಿವಲಿವರೆಗಿನ ಹೋಟೆಲ್ ಅಡುಗೆಯವರು ಇದನ್ನು ಓದಬೇಕು.

"ಹತ್ತು ವರ್ಷದಿಂದ ಹಾಕ್ತಿದ್ದೀನಿ, ಇನ್ನೇನಾಗತ್ತೆ?" ಅಂತ ಧೈರ್ಯ ಬೇಡ. ಲ್ಯಾಟೆಕ್ಸ್ ಅಂದರೆ ಗ್ಲೌಸ್ ಮಾಡುವ ರಬ್ಬರ್ ಮರದ ಹಾಲು; ಅದರ ಅಲರ್ಜಿ ಮುಟ್ಟಿ ಮುಟ್ಟಿಯೇ ಬೆಳೆಯುವಂಥದ್ದು. ಆ ಹಾಲಿನ ಪ್ರೋಟೀನು ಮೈಗೆ ತಾಕಿದಷ್ಟೂ ಅಪಾಯ ಹೆಚ್ಚು.

ಎಲ್ಲರಿಗಿಂತ ಹೆಚ್ಚು ಅಪಾಯ ಸ್ಪೈನಾ ಬೈಫಿಡಾ (ಹುಟ್ಟುವಾಗಲೇ ಬೆನ್ನುಮೂಳೆ ಸರಿಯಾಗಿ ಮುಚ್ಚಿಕೊಳ್ಳದ ತೊಂದರೆ) ಇರುವ ಮಕ್ಕಳಿಗೆ. ಹುಟ್ಟಿದಾಗಿನಿಂದ ಆಪರೇಷನ್ ಮೇಲೆ ಆಪರೇಷನ್, ಸಾಲದ್ದಕ್ಕೆ ಮೂತ್ರಕ್ಕೆ ಹಾಕುವ ನಳಿಕೆ, ಕ್ಯಾಥೆಟರ್. ಅಂಥ ಮಕ್ಕಳಿಗೆ ಮೊದಲ ದಿನದಿಂದಲೇ ಲ್ಯಾಟೆಕ್ಸ್ ಇಲ್ಲದ ಸಾಮಾನು ಬಳಸಬೇಕು. ಹುಟ್ಟುಹಬ್ಬದ ಬಲೂನೂ ಬೇಡ. ಬೇರೆ ಕಾರಣಕ್ಕೆ ಪದೇಪದೇ ಆಪರೇಷನ್ ಆದವರೂ ಇದೇ ಸಾಲಿನವರು.

ಆಸ್ತಮಾ, ಅಲರ್ಜಿ ಶೀತ, ಕೈಯಲ್ಲಿ ಇಸುಬು ಇದ್ದವರಿಗೂ ಅಪಾಯವಿದೆ. ಬಿರುಕು ಬಿಟ್ಟ ಚರ್ಮದಲ್ಲಿ ಪ್ರೋಟೀನು ಸಲೀಸಾಗಿ ಒಳಗಿಳಿಯುತ್ತದೆ. ಸ್ಯಾನಿಟೈಸರ್ ಪೂರ್ತಿ ಆರುವ ಮೊದಲೇ ಗ್ಲೌಸ್ ಏರಿಸಿದರೆ ಚರ್ಮ ಇನ್ನಷ್ಟು ಕೆಡುತ್ತದೆ.

ನಮ್ಮ ದೊಡ್ಡ ತಕರಾರು ಪೌಡರ್ ಗ್ಲೌಸ್ ಮೇಲೆ. ಆ ಪೌಡರ್ ಮೆಕ್ಕೆಜೋಳದ ಪಿಷ್ಟ. ಪ್ರೋಟೀನು ಅದಕ್ಕೆ ಅಂಟಿಕೊಳ್ಳುತ್ತದೆ, ಗ್ಲೌಸ್ ಎಳೆದು ತೆಗೆದಾಗ ಗಾಳಿಗೆ ಹಾರುತ್ತದೆ. ಹಾಕದವರ ಮೂಗಿಗೂ ಪಾಲು! ಅಮೆರಿಕದಲ್ಲಿ ವೈದ್ಯಕೀಯ ಪೌಡರ್ ಗ್ಲೌಸ್‌ಗೆ 2017ರ ಜನವರಿಯಿಂದ ನಿಷೇಧವಿದೆ. ಇಲ್ಲಿ ನಾಲ್ಕು ಕಾಸು ಉಳಿಯುತ್ತದೆಂದು ಅದನ್ನೇ ತರಿಸುವುದು ಸರಿಯಲ್ಲ. ಇನ್ನು ಹೋಟೆಲಿನಲ್ಲಿ ಚಟ್ನಿ ಬಡಿಸಲು ಲ್ಯಾಟೆಕ್ಸ್ ಯಾಕೆ ಬೇಕು? ಪ್ರೋಟೀನು ತಿಂಡಿಗೂ ಅಂಟುತ್ತದೆ. ಮರದ ರಬ್ಬರ್ ಇಲ್ಲದ ವಿನೈಲ್ ಅಥವಾ ನೈಟ್ರೈಲ್ ಗ್ಲೌಸ್ ಸಾಕು.

ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣು ತಿಂದಾಗ ಬಾಯಿ ತುರಿಸುತ್ತದೆಯೇ? ಅವುಗಳಲ್ಲಿರುವ ಕೆಲವು ಪ್ರೋಟೀನುಗಳು ರಬ್ಬರಿನವನ್ನು ಹೋಲುತ್ತವೆ. ಪರಂಗಿಯೂ ಕೆಲವರಿಗೆ ಆಗುವುದಿಲ್ಲ. ಡಾಕ್ಟರಿಗೆ ಇದನ್ನು ಮರೆಯದೆ ಹೇಳಿ.

ಗ್ಲೌಸ್ ಹಾಕಿದ ನಿಮಿಷಗಳಲ್ಲೇ ದದ್ದು, ಸೀನು, ಉಬ್ಬಸ ಬಂದರೆ ಪ್ರೋಟೀನಿನ ಮೇಲೆ ಅನುಮಾನ. ಒಂದೆರಡು ದಿನ ಬಿಟ್ಟು ಗುಳ್ಳೆ ಎದ್ದರೆ ಸಾಮಾನ್ಯವಾಗಿ ರಬ್ಬರ್ ಹದಮಾಡುವ ರಾಸಾಯನಿಕ ಕಾರಣ. ಅದು ಕೆಲವು ನೈಟ್ರೈಲ್ ಗ್ಲೌಸ್‌ನಲ್ಲೂ ಇರುತ್ತದೆ, ಹಾಗಾಗಿ ಗ್ಲೌಸ್ ಬದಲಿಸಿದರೂ ಗುಣ ಕಾಣದೆ ಜನ ತಲೆಕೆಡಿಸಿಕೊಳ್ಳುತ್ತಾರೆ. ಬರೀ ಒಣಗಿ ಒಡೆದರೆ ಅದು ಬೆವರು, ಸೋಪಿನ ಉರಿಯಿರಬಹುದು, ಅಲರ್ಜಿಯೇ ಅಲ್ಲ. ಡಬ್ಬಿಯ ಮೇಲಿನ 'ಹೈಪೋಅಲರ್ಜೆನಿಕ್' ನಂಬಿ ಕೂರಬೇಡಿ, ಲ್ಯಾಟೆಕ್ಸ್ ಇಲ್ಲ ಎಂಬ ಅರ್ಥ ಅದಕ್ಕಿಲ್ಲ. ಗೋಡೆಯ 'ಲ್ಯಾಟೆಕ್ಸ್ ಪೇಂಟ್'ನಲ್ಲಿ ಮಾತ್ರ ಹೆಸರಷ್ಟೇ, ಮರದ ರಬ್ಬರ್ ಇಲ್ಲ.

ಅಲರ್ಜಿ ಖಚಿತವಾದರೆ ಹಲ್ಲು ಕೀಳಿಸುವಾಗ, ಹೆರಿಗೆಗೆ ಸೇರುವಾಗ ಮೊದಲೇ ತಿಳಿಸಿ. ಆಪರೇಷನ್ ಇದ್ದರೆ ಬೆಳಗಿನ ಮೊದಲ ಕೇಸಾಗಿ ಕೇಳಿಕೊಳ್ಳಿ, ಹಿಂದಿನ ದಿನ ಹಾರಿದ ಧೂಳು ಅಷ್ಟರಲ್ಲಿ ಥಿಯೇಟರಿನ ಗಾಳಿಯಿಂದ ಇಳಿದಿರುತ್ತದೆ.