ಸಲಾಕೆ ಕರಗಿರ್ಲಿಲ್ಲ, ಬಗ್ಗಿತ್ತು

ನಾಲ್ಕು ದಿನದಿಂದ ತಲೇಲಿ ಕೊರೀತಾ ಇದೆ, ಬರೆದುಬಿಡ್ತೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಹೋದ ವಾರ ತೀರ್ಥಹಳ್ಳಿ ಹತ್ರ ಅಕ್ಕನ ಮನೇಲಿದ್ದೆ. ಅಡಿಕೆ ಕೊಯ್ಲು ಜೋರಾಗಿದೆ, ರಾತ್ರಿ ಊಟ ಮುಗಿಸಿ ಏಳೆಂಟು ಜನ ಚಪ್ಪರದ ಕೆಳಗೆ ಸುಲಿಯೋಕೆ ಕೂತಿದ್ವಿ, ಆ ಕಡೆ ಒಲೆ ಮೇಲೆ ಹಂಡೆ ಕುದೀತಾ ಇತ್ತು. ಮೊದಲೆಲ್ಲ ಸುಲಿಯೋವಾಗ ಯಕ್ಷಗಾನದ ಮಾತು, ಯಾರ ತೋಟಕ್ಕೆ ಕೊಳೆ ಬಂತು ಅನ್ನೋ ಸುದ್ದಿ, ಈಗ ಕಂಬಕ್ಕೆ ಮೊಬೈಲ್ ಒರಗಿಸಿ ವಿಡಿಯೋ ಹಾಕ್ಕೊಂಡು ಕೂರ್ತಾರೆ. ಅವತ್ತು ಭಾವ ಹಾಕಿದ್ದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಅವಳಿ ಕಟ್ಟಡದ್ದು. 2001ರ ಸೆಪ್ಟೆಂಬರ್ 11ರ ದಾಳಿ ಉಗ್ರರು ವಿಮಾನ ಅಪಹರಿಸಿ ಮಾಡಿದ್ದೇ ಅಲ್ಲ, ಅಮೆರಿಕದವರೇ ಒಳಗೆ ಬಾಂಬ್ ಇಟ್ಟು ಬೀಳಿಸಿದ್ದು ಅಂತ.

ಭಾವ ದಡ್ಡರಲ್ಲ, ಇದನ್ನ ಮೊದಲೇ ಹೇಳ್ತೀನಿ. ಬಿಎಸ್ಸಿ ಓದಿದವರು, ಸೊಸೈಟಿ ಲೆಕ್ಕದಲ್ಲಿ ಹತ್ತು ರೂಪಾಯಿ ಹೆಚ್ಚುಕಮ್ಮಿ ಆದ್ರೂ ಹಿಡೀತಾರೆ. ಇಂಥದ್ದನ್ನ ನಂಬೋರೆಲ್ಲ ಪೆದ್ದರು ಅಂತ ನಗೋರ ಮೇಲೆ ನಂಗೆ ನಿಜಕ್ಕೂ ಸಿಟ್ಟಿದೆ, ನಗೋದ್ರಿಂದ ಯಾರೂ ಮನಸ್ಸು ಬದಲಾಯ್ಸಲ್ಲ, ಎದ್ದು ಹೋಗಿ ಇನ್ನೊಂದು ವಿಡಿಯೋ ನೋಡ್ತಾರೆ ಅಷ್ಟೆ.

ಆ ದಿನ ನಂಗೆ ಚೆನ್ನಾಗಿ ನೆನಪಿದೆ. ಸೆಕೆಂಡ್ ಪಿಯುಸಿ, ಶಿವಮೊಗ್ಗದ ದುರ್ಗಿಗುಡೀಲಿ ರೂಮ್ ಮಾಡ್ಕೊಂಡಿದ್ದೆ. ನ್ಯೂಯಾರ್ಕಲ್ಲಿ ಬೆಳಿಗ್ಗೆ 8:46ಕ್ಕೆ ಮೊದಲ ವಿಮಾನ ಹೊಡೆದಾಗ ನಮಗೆ ಸಂಜೆ ಆರೂಕಾಲು. ಟೀ ಕುಡಿಯೋಕೆ ಹೋದೋನು ಅಂಗಡಿ ಟಿವಿ ಮುಂದೆ ನಿಂತುಬಿಟ್ಟೆ, ಏಳೂವರೆ ಹೊತ್ತಿಗೆ ಒಂದು ಕಟ್ಟಡ ಪುಡಿಯಾಗಿ ಇಳಿದಿದ್ದನ್ನ ನೋಡಿದೆ, ಅಂಗಡಿಯವರು ಗಿರಾಕಿಗಳಿಗೆ ದುಡ್ಡು ಕೇಳೋದೇ ಮರೆತಿದ್ರು. ಅವತ್ತು ಸತ್ತವರು 2,977 ಜನ, ಅದರಲ್ಲಿ ಬೆಂಕಿ ಆರಿಸೋಕೆ ಮೆಟ್ಟಿಲು ಹತ್ತಿದ ಅಗ್ನಿಶಾಮಕದವರೇ 343.

ಭಾವನ ಮೊದಲ ಪ್ರಶ್ನೆ ಎಲ್ರಿಗೂ ಗೊತ್ತಿರೋದೇ. "ಉಕ್ಕು ಕರಗೋಕೆ 1,500 ಡಿಗ್ರಿ ಬೇಕು ಮಾರಾಯ, ವಿಮಾನಕ್ಕೆ ಹಾಕೋದು ಸೀಮೆಎಣ್ಣೆ ಥರದ್ದು, ಅದರ ಬೆಂಕಿ ಅಷ್ಟು ಬಿಸಿ ಆಗಲ್ಲ. ಮತ್ತೆ ಕಂಬ ಹೆಂಗೆ ಕರಗ್ತು?"

ಅವರು ಹೇಳಿದ ಎರಡು ಮಾತೂ ಸರಿಯಾಗೇ ಇದೆ. ತಪ್ಪಿರೋದು ಮೂರನೇದ್ರಲ್ಲಿ. ನಾನು ಎದ್ದು ಹೋಗಿ ಕೊಟ್ಟಿಗೆ ಗೋಡೆಗೆ ಒರಗಿಸಿದ್ದ ಹಳೇ ಸಲಾಕೆ ತಂದೆ, ಹಂಡೆ ಕೂರಿಸೋಕೆ ಒಲೆಗೆ ಅಡ್ಡ ಹಾಕಿರ್ತಾರಲ್ಲ ಅದು. ಹೆಬ್ಬೆರಳಿಗಿಂತ ದಪ್ಪ, ಮೇಲೆಲ್ಲ ಕಪ್ಪಗೆ ಹೊಪ್ಪಳೆ ಎದ್ದಿದೆ, ನಡುವೆ ತೊಟ್ಟಿಲ ಹಾಗೆ ಜೋತುಬಿದ್ದಿದೆ. "ಭಾವ, ಇದು ಕರಗಿದ್ಯಾ?" ಅಂದೆ. "ಇಲ್ಲ." "ಸೌದೆ ಬೆಂಕಿ 1,500 ಡಿಗ್ರಿ ಬರುತ್ತಾ?" "ಎಲ್ಲಿಂದ ಬರುತ್ತೆ." "ಮತ್ಯಾಕೆ ಬಗ್ತು?" ಸ್ವಲ್ಪ ಹೊತ್ತು ಕೈಯಲ್ಲಿ ಹಿಡ್ಕೊಂಡು ನೋಡಿ, "ಬಿಸಿ ಇದ್ದಾಗ ಮೇಲೆ ಹಂಡೆ ಭಾರ ಇತ್ತಲ್ಲ" ಅಂದ್ರು.

ಅಲ್ಲಿ ಆಗಿದ್ದೂ ಹೀಗೇ. ಉಕ್ಕು ಸುಮಾರು 600 ಡಿಗ್ರಿಗೇ ಅರ್ಧ ಬಲ ಕಳ್ಕೊಳ್ಳುತ್ತೆ, ಕರಗಬೇಕಾಗಿಲ್ಲ. ಅಮೆರಿಕದ ನಿಸ್ಟ್ ಅನ್ನೋ ಸರ್ಕಾರಿ ತಾಂತ್ರಿಕ ಸಂಸ್ಥೆ ವರ್ಷಗಟ್ಟಲೆ ತನಿಖೆ ಮಾಡಿ 2005ರಲ್ಲಿ ವರದಿ ಕೊಡ್ತು. ವಿಮಾನದ ಇಂಧನ ಮೊದಲ ಕೆಲವೇ ನಿಮಿಷದಲ್ಲಿ ಉರಿದು ಹೋಯ್ತು, ಆಮೇಲೆ ಉರಿದಿದ್ದು ಆಫೀಸಿನ ಕಾಗದ, ಮೇಜು, ಕುರ್ಚಿ, ಕಾರ್ಪೆಟ್ಟು. ಉಕ್ಕಿಗೆ ಬೆಂಕಿ ತಾಗಬಾರ್ದು ಅಂತ ಬಳಿದಿದ್ದ ಲೇಪ ವಿಮಾನ ಗುದ್ದಿದ ಹೊಡೆತಕ್ಕೇ ಉದುರಿಹೋಗಿತ್ತು. ನೆಲದ ತೊಲೆಗಳು ಜೋತುಬಿದ್ದು ಹೊರಗಿನ ಕಂಬಗಳನ್ನ ಒಳಕ್ಕೆ ಎಳೆದ್ವು, ಕಂಬ ಬಗ್ಗಿದ ಮೇಲೆ ಮೇಲಿನ ಅಷ್ಟೂ ಮಹಡಿ ಭಾರ ಕೆಳಗೆ ಬಿತ್ತು. ಎರಡನೇದಾಗಿ ಹೊಡೆತ ತಿಂದ ದಕ್ಷಿಣದ ಕಟ್ಟಡ ಮೊದಲು ಬಿದ್ದಿದ್ದು ಯಾಕೆ ಅಂತನೂ ವಿಡಿಯೋದವರು ಸಂಶಯ ಪಡ್ತಾರೆ. ಅದಕ್ಕೆ ವಿಮಾನ ಗುದ್ದಿದ್ದು ಇನ್ನೂ ಕೆಳಗಿನ ಮಹಡಿಗೆ, ಮೇಲೆ ಹೊರೋ ಭಾರ ಜಾಸ್ತಿ ಇತ್ತು, 56 ನಿಮಿಷಕ್ಕೆ ಬಿತ್ತು, ಉತ್ತರದ್ದು 102 ನಿಮಿಷ ನಿಂತಿತ್ತು.

ಭಾವ ಬಿಡ್ತಾರಾ? "ಸರಿ, ಏಳನೇ ಕಟ್ಟಡಕ್ಕೆ ಯಾವ ವಿಮಾನ ಹೊಡೀತು ಹೇಳು."

ಇದು ಒಳ್ಳೇ ಪ್ರಶ್ನೆ. ಅವಳಿ ಕಟ್ಟಡದ ಹತ್ರವೇ ಇದ್ದ 47 ಮಹಡಿಯ ಆ ಕಟ್ಟಡಕ್ಕೆ ವಿಮಾನ ಹೊಡೀಲೇ ಇಲ್ಲ, ಅದೇ ದಿನ ಅಲ್ಲಿನ ಸಂಜೆ 5:20ಕ್ಕೆ ತಾನಾಗಿ ಬಿತ್ತು. ಉತ್ತರದ ಕಟ್ಟಡ ಬಿದ್ದಾಗ ಸಿಡಿದ ಉರಿಯೋ ಅವಶೇಷದಿಂದ ಅದರ ಹಲವು ಮಹಡಿಗೆ ಬೆಂಕಿ ಹತ್ತಿತ್ತು, ನೀರಿನ ಮುಖ್ಯ ಪೈಪು ಒಡೆದುಹೋಗಿ ಕೆಳಗಿನ ಮಹಡಿಗಳ ಸ್ಪ್ರಿಂಕ್ಲರ್‌ಗೆ ನೀರೇ ಇಲ್ಲ, ಸುಮಾರು ಏಳು ಗಂಟೆ ಹೊತ್ತು ಉರೀತು. ಬಿಸಿಗೆ ತೊಲೆಗಳು ಹಿಗ್ಗಿ 79ನೇ ನಂಬರಿನ ಕಂಬದ ಹತ್ರ ಒಂದು ದೊಡ್ಡ ತೊಲೆ ತನ್ನ ಕೂರೋ ಜಾಗದಿಂದ ಜಾರಿತು, ಅಲ್ಲಿಂದ ಒಂದೊಂದೇ ಮಹಡಿ ಕುಸಿದು ಕೊನೆಗೆ ಇಡೀ ಕಟ್ಟಡ ಹೋಯ್ತು. ಬೀಳುತ್ತೆ ಅಂತ ಮಧ್ಯಾಹ್ನವೇ ಗೊತ್ತಾಗಿ ಅಗ್ನಿಶಾಮಕದವರನ್ನ ದೂರ ಸರಿಸಿದ್ರು, ಹಾಗಾಗೇ ಒಳಗೆ ಒಬ್ರೂ ಸಾಯ್ಲಿಲ್ಲ. ಬಿಬಿಸಿಯವರು ಇಪ್ಪತ್ತು ನಿಮಿಷ ಮೊದಲೇ "ಬಿತ್ತು" ಅಂದುಬಿಟ್ರಲ್ಲ, ಅದನ್ನ ದೊಡ್ಡ ಸಾಕ್ಷಿ ಅಂತ ತೋರಿಸ್ತಾರೆ. ಬೀಳುತ್ತೆ ಬೀಳುತ್ತೆ ಅಂತ ಅಷ್ಟೂ ಜನ ಹೇಳ್ತಿದ್ದ ಗಡಿಬಿಡೀಲಿ ಸುದ್ದಿ ಕೆಟ್ಟಿದ್ದು ಅದು. ಸಂಚು ಮಾಡೋನು ಬೇರೆ ದೇಶದ ಟಿವಿಯವರಿಗೆ ಮೊದಲೇ ಟೈಮ್ ಹೇಳಿಟ್ಟಿರ್ತಾನಾ?

ಇನ್ನೊಂದನ್ನೂ ಭಾವಂಗೆ ಹೇಳಿದೆ, ಮುಚ್ಚಿಡ್ಲಿಲ್ಲ. 2008ರ ಆಗಸ್ಟಲ್ಲಿ ನಿಸ್ಟ್‌ನವರು ಕೊಟ್ಟ ಕರಡು ವರದೀಲಿ ಆ ಕಟ್ಟಡ ತಡೆ ಇಲ್ಲದೆ ಬೀಳೋ ವೇಗದಲ್ಲಿ ಬಿದ್ದಿಲ್ಲ ಅಂದಿದ್ರು. ಒಬ್ಬ ಹೈಸ್ಕೂಲ್ ಫಿಸಿಕ್ಸ್ ಮೇಷ್ಟ್ರು ವಿಡಿಯೋ ಅಳೆದು ನಿಮ್ಮ ಲೆಕ್ಕ ಸರಿಯಿಲ್ಲ ಅಂತ ಎದುರು ನಿಂತ್ರು. ನವೆಂಬರಿನ ಅಂತಿಮ ವರದೀಲಿ 2.25 ಸೆಕೆಂಡ್ ಹೊತ್ತು ಹಾಗೆ ಬಿದ್ದಿದ್ದು ಹೌದು ಅಂತ ಒಪ್ಕೊಂಡು, ಒಳಗಿನ ಕಂಬಗಳು ಆಗಲೇ ಹೋಗಿದ್ವು, ಹೊರಗಿನವು ಎಂಟು ಮಹಡಿ ಎತ್ತರದಷ್ಟು ಬಾಗಿ ತಡೆ ಕೊಡ್ಲಿಲ್ಲ ಅಂತ ಕಾರಣ ಬರೆದ್ರು. ಆ ಮೇಷ್ಟ್ರು ಇವತ್ತಿಗೂ ಒಪ್ಪಲ್ಲ, ಆದ್ರೆ ಅವರು ಕೇಳಿದ್ದು ಪ್ರಶ್ನೆ, ಅದಕ್ಕೆ ಉತ್ತರ ಬಂತು. ಭಾವ ತೋರಿಸಿದ ವಿಡಿಯೋದವನಿಗೆ ಉತ್ತರ ಬೇಕಾಗೇ ಇಲ್ಲ, ಒಂದಕ್ಕೆ ಉತ್ತರ ಕೊಟ್ರೆ ಇನ್ನೊಂದಕ್ಕೆ ಹಾರ್ತಾನೆ.

"ಹಂಗಾದ್ರೆ ಅಮೆರಿಕ ಏನೂ ಮುಚ್ಚಿಟ್ಟಿಲ್ಲ ಅಂತೀಯಾ?" ಅಂದ್ರು. ಮುಚ್ಚಿಟ್ಟಿತ್ತು ಭಾವ, ನಂಗೆ ಹೊಟ್ಟೆ ಉರಿಯೋದೇ ಅಲ್ಲಿ. 2001ರ ಆಗಸ್ಟ್ 6ಕ್ಕೆ ಆಗಿನ ಅಧ್ಯಕ್ಷ ಬುಷ್ ಕೈಗೆ ಅಲ್ ಖೈದಾ ಮುಖ್ಯಸ್ಥ ಬಿನ್ ಲಾಡೆನ್ ಅಮೆರಿಕದೊಳಗೇ ದಾಳಿ ಮಾಡೋ ಹಟದಲ್ಲಿದ್ದಾನೆ ಅನ್ನೋ ಟಿಪ್ಪಣಿ ಹೋಗಿತ್ತು. ವಿಮಾನ ಅಪಹರಿಸಿದ 19 ಜನರಲ್ಲಿ ಇಬ್ಬರು 2000ರ ಜನವರೀಲಿ ಕೌಲಾಲಂಪುರದಲ್ಲಿ ಸಭೆ ಸೇರಿದ್ದು ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಗೆ ಗೊತ್ತಿತ್ತು, ದೇಶದೊಳಗಿನ ತನಿಖೆ ನೋಡೋ ಎಫ್‌ಬಿಐಗೆ ಸರಿಯಾಗಿ ಹೇಳ್ಲಿಲ್ಲ, ಆ ಇಬ್ಬರೂ ಅಮೆರಿಕಕ್ಕೆ ಬಂದು ಸ್ಯಾನ್ ಡಿಯೆಗೋದಲ್ಲಿ ಸ್ವಂತ ಹೆಸರಲ್ಲೇ ಮನೆ ಮಾಡಿದ್ರು, ಕಣ್ಗಾವಲು ಪಟ್ಟಿಗೆ ಹೆಸರು ಸೇರಿದ್ದು 2001ರ ಆಗಸ್ಟ್ ಕೊನೇಲಿ. ಅವರ ಸಂಸತ್ತಿನ ತನಿಖಾ ವರದೀಲಿದ್ದ ಸೌದಿ ಸಂಬಂಧದ 28 ಪುಟಗಳನ್ನ 2016ರ ತನಕ ಜನಕ್ಕೆ ತೋರಿಸ್ಲೇ ಇಲ್ಲ. ಇರಾಕಲ್ಲಿ ಭಯಂಕರ ಅಸ್ತ್ರ ಇದೆ ಅಂತ 2003ರಲ್ಲಿ ನುಗ್ಗಿದ್ರು, ಅಲ್ಲಿ ಅಂಥದ್ದೇನೂ ಸಿಗ್ಲಿಲ್ಲ. ಇಷ್ಟೆಲ್ಲ ಕೇಳೋದಿದೆ. ಬಾಂಬ್ ಇಟ್ಟು ಬೀಳಿಸಿದ್ರು ಅನ್ನೋ ಕಥೆ ಇದನ್ನೆಲ್ಲ ನುಂಗಿ ನೀರು ಕುಡಿಯುತ್ತೆ, ಎಚ್ಚರ ತಪ್ಪಿದ ಅಧಿಕಾರಿ ಆರಾಮಾಗಿ ಬಚಾವ್.

ಅಷ್ಟು ದೊಡ್ಡ ದೇಶ ಅಷ್ಟು ಬೇಜವಾಬ್ದಾರಿ ಇರುತ್ತಾ ಅಂದ್ರು ಭಾವ. ನಿಮ್ಮ ಪೋಡಿ ಫೈಲು ಎರಡು ವರ್ಷ ಒಂದು ಟೇಬಲಿಂದ ಪಕ್ಕದ ಟೇಬಲಿಗೆ ಹೋಗ್ಲಿಲ್ವಲ್ಲ, ಅದರ ಹಿಂದೆ ಯಾರ ಸಂಚಿತ್ತು ಅಂದೆ. ಸುಮ್ಮನೆ ಅಡಿಕೆ ಸುಲಿದ್ರು.

ಅಷ್ಟರಲ್ಲಿ ಅಕ್ಕನ ಮಗ ಬಾಯಿ ಹಾಕ್ದ, ಪಿಯುಸಿ ಓದ್ತಾನೆ. "ಮಾಮ, ಮುಂಬೈದಲ್ಲಿ ಕರ್ಕರೆ ಅವರನ್ನ ಬೇರೆ ಯಾರೋ ಕೊಂದಿದ್ದಂತೆ?" ಇವನು ಹುಟ್ಟೋ ಹೊತ್ತಿಗೆ 2008ರ ನವೆಂಬರ್ 26ರ ಮುಂಬೈ ದಾಳಿ ಆಗಿತ್ತೋ ಇಲ್ವೋ, ಆದ್ರೆ ಥಿಯರಿ ಮಾತ್ರ ಅವನ ಮೊಬೈಲ್ ತನಕ ಬಂದಿದೆ. ನೋಡೋ, ಪೊಲೀಸ್ ಅಧಿಕಾರಿಗಳಾದ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಗುಂಡಿಗೆ ಬಲಿಯಾದಾಗ ಇದ್ದ ಗಾಡೀಲಿ ಹಿಂದ್ಗಡೆ ಕಾನ್‌ಸ್ಟೇಬಲ್ ಅರುಣ್ ಜಾಧವ್ ಇದ್ರು. ಗುಂಡು ತಿಂದು, ಸತ್ತವರ ಜೊತೆ ಸತ್ತ ಹಾಗೇ ಬಿದ್ಕೊಂಡು, ದಾಳಿಕೋರ ಕಸಬ್ ಮತ್ತೆ ಅವನ ಜೊತೆಯವನು ಅದೇ ಗಾಡಿ ಓಡಿಸಿಕೊಂಡು ಹೋಗಿದ್ದನ್ನ ಒಳಗಿಂದ ಕಂಡವರು, ಕೋರ್ಟಲ್ಲಿ ಬಂದು ಹೇಳಿದ್ರು. ಹಂಗಂತ ಪ್ರಶ್ನೆ ಇರ್ಲಿಲ್ವಾ? ಕಾಮ್ಟೆ ಅವರ ಹೆಂಡತಿ ವಿನೀತಾ ಕಾಮ್ಟೆ ಆರ್‌ಟಿಐ ಹಾಕಿ ಹಟ ಹಿಡಿದು ಕಂಟ್ರೋಲ್ ರೂಮಿನ ವೈರ್‌ಲೆಸ್ ಮಾತುಕತೆ ದಾಖಲೆ ತೆಗೆಸಿದ್ರು, ಗಂಡನಿಗೆ ಸಹಾಯ ಯಾಕೆ ಹೋಗ್ಲಿಲ್ಲ ಅಂತ ಇಲಾಖೆಯನ್ನೇ ಕೇಳಿದ್ರು. ಗಂಡನ್ನ ಕಳ್ಕೊಂಡ ಹೆಣ್ಣುಮಗಳು ಕಾಗದ ಹಿಡ್ಕೊಂಡು ಕಚೇರಿ ಕಚೇರಿ ಅಲೆದು ಕೇಳಿದ ಪ್ರಶ್ನೆಗೂ ಫಾರ್ವರ್ಡ್ ಬಟನ್ ಒತ್ತಿ ಕೇಳೋ ಪ್ರಶ್ನೆಗೂ ಅಜಗಜಾಂತರ ಅಲ್ವಾ.

ಆಮೇಲೆ ಮುಂಬೈ ಪೊಲೀಸ್ ತುಕಾರಾಮ್ ಓಂಬಳೆ ಕಥೆ ಹೇಳಿದೆ, ಅವನಿಗೆ ಗೊತ್ತೇ ಇರ್ಲಿಲ್ಲ. ಗಿರ್ಗಾಂವ್ ಚೌಪಾಟಿ ನಾಕಾಬಂದೀಲಿ ಅವರ ಕೈಲಿದ್ದಿದ್ದು ಲಾಠಿ. ಕಸಬ್‌ನ ರೈಫಲ್ ನಳಿಗೆಯನ್ನ ಎರಡೂ ಕೈಲಿ ಹಿಡಿದು, ಗುಂಡು ಮೈಗೆ ಹೊಕ್ರೂ ಬಿಡ್ಲಿಲ್ಲ, ಅದಕ್ಕೇ ಅವನು ಜೀವಂತ ಸಿಕ್ಕಿದ್ದು. ಬಂದ ಹತ್ತು ಜನರಲ್ಲಿ ಜೀವಂತ ಸಿಕ್ಕಿದ್ದು ಅವನೊಬ್ನೇ. ಅವನ ಹತ್ರ ಬೆಂಗಳೂರು ವಿಳಾಸದ ಸಮೀರ್ ಚೌಧರಿ ಅನ್ನೋ ಹೆಸರಿನ ಸುಳ್ಳು ಐಡಿ ಕಾರ್ಡ್, ಕೈಗೆ ಕೆಂಪು ದಾರ ಇತ್ತು ಅಂತ ತನಿಖೆ ಮಾಡಿದ ರಾಕೇಶ್ ಮಾರಿಯಾ ಅವರೇ ಬರ್ಕೊಂಡಿದ್ದಾರೆ. ಅರ್ಥ ಆಯ್ತಾ? ಕೊಲ್ಲೋಕೆ ಬಂದವರು ಸುಳ್ಳು ಕಥೆಯನ್ನೂ ಜೇಬಲ್ಲಿ ಇಟ್ಕೊಂಡೇ ಬಂದಿದ್ರು, ನಾವು ಒಬ್ರಿಗೊಬ್ರು ಬೆರಳು ತೋರಿಸಿ ಕಚ್ಚಾಡ್ಲಿ ಅಂತ. ಆ 166 ಜೀವ ಹೋದ ಮೇಲೂ ಯಾರೂ ಸಿಕ್ಕದೇ ಇದ್ದಿದ್ರೆ ಇವತ್ತಿಗೂ ನಮ್ಮೂರ ಗ್ರೂಪುಗಳಲ್ಲಿ ಬೆಂಗಳೂರಿನ ಸಮೀರ್ ಯಾರು ಅಂತ ಹುಡುಕ್ತಾ ಇರ್ತಿದ್ರು. 2009ರ ಜನವರೀಲಿ ಕಸಬ್ ನಮ್ಮ ದೇಶದವನೇ ಅಂತ ಪಾಕಿಸ್ತಾನ ಒಪ್ಕೊಂಡಿದ್ದಕ್ಕೂ ಓಂಬಳೆ ಹಿಡಿದ ಆ ಹಿಡಿತವೇ ಮೂಲ.

ಇಷ್ಟು ದೂರದ ವಿಷ್ಯಕ್ಕೆ ಯಾಕೆ ಇಷ್ಟು ಮೈಮೇಲೆ ಹಾಕ್ಕೊಳ್ತೀಯ ಅಂತ ಅಕ್ಕ ಕೇಳಿದ್ಲು. 2025ರ ಏಪ್ರಿಲ್ 22ಕ್ಕೆ ಕಾಶ್ಮೀರದ ಪಹಲ್ಗಾಮಲ್ಲಿ ಉಗ್ರರ ಗುಂಡಿಗೆ ಹೋದ 26 ಜನರಲ್ಲಿ ನಮ್ಮ ಶಿವಮೊಗ್ಗದವರೂ ಇದ್ರು. ದೇಹ ಇನ್ನೂ ಊರಿಗೆ ಬಂದಿರ್ಲಿಲ್ಲ, ನಂಗೆ ಆಗಲೇ ಮೂರು ಗ್ರೂಪಲ್ಲಿ ಮೂರು ಥರದ "ಒಳಸಂಚು" ಬಂದಿತ್ತು, ಕಳಿಸಿದವರಲ್ಲಿ ಇಬ್ಬರು ನನ್ನ ಜೊತೆ ಓದಿದವರು. ಆ ಮನೆಯವರ ಮೊಬೈಲಿಗೂ ಇದು ಹೋಗಿರುತ್ತೆ ಅಂತ ಅನ್ಸಿ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಸತ್ತಿದ್ದು ಯಾರ ಕೈಯಿಂದ ಅನ್ನೋದನ್ನೂ ಅವರಿಂದ ಕಿತ್ಕೊಂಡ್ರೆ ಆ ಮನೆಯವರು ಯಾರ ವಿರುದ್ಧ ನ್ಯಾಯ ಕೇಳ್ಬೇಕು?

ಹನ್ನೊಂದರ ಮೇಲಾಗಿತ್ತು, ಹಂಡೆಯಿಂದ ಅಡಿಕೆ ತೆಗೆದು ಸುರಿದ್ವಿ, ಚೊಗರು ಬೇರೆ ಬಸಿದಿಟ್ವಿ, ಮಾತು ಅಲ್ಲಿಗೇ ನಿಲ್ತು. ಭಾವ ಪೂರ್ತಿ ಒಪ್ಪಿದ್ರು ಅಂತ ನಾನು ಹೇಳಲ್ಲ. ಬೆಳಿಗ್ಗೆ ನಾನು ಹೊರಡೋವಾಗ ಆ ಸಲಾಕೆ ಜಗಲಿ ಮೇಲಿತ್ತು, "ಆ ವರದಿ ಎಲ್ಲ ಇಂಗ್ಲಿಷಲ್ಲಿದೆ, ನೀನು ಕನ್ನಡದಲ್ಲಿ ಬರೆದು ಹಾಕು, ಓದಿ ಆಮೇಲೆ ಜಗಳ ಮಾಡ್ತೀನಿ" ಅಂದ್ರು. ಈ ಪೋಸ್ಟ್ ಅದಕ್ಕೇ. ಏಳನೇ ಕಟ್ಟಡದ ಆ 79ನೇ ಕಂಬ, ಜಾರಿದ ತೊಲೆ, ಎರಡನ್ನೂ ಪೆನ್ನಲ್ಲಿ ಚಿತ್ರ ಬರೆದು ನಿನ್ನೆ ಭಾವಂಗೆ ಫೋಟೋ ಕಳಿಸಿದ್ದೆ. ಇವತ್ತು ಬೆಳಿಗ್ಗೆ ವಾಯ್ಸ್ ಮೆಸೇಜ್ ಬಂದಿದೆ, "ಆ ತೊಲೆ ಎಷ್ಟು ಅಗಲದ ಪಟ್ಟಿ ಮೇಲೆ ಕೂತಿತ್ತು, ಎಷ್ಟು ಹಿಗ್ಗಿದ್ರೆ ಜಾರುತ್ತೆ, ಅದರ ಲೆಕ್ಕ ಕಳ್ಸು." ವರದಿ ತೆಗೆದು ಕೂತಿದ್ದೀನಿ.