ಎರಡನೇ ಆಪರೇಷನ್ ಸಣ್ಣ ರಿಪೇರಿಯಲ್ಲ

ಮೂಗಿನ ಆಕಾರ ತಿದ್ದುವ ಆಪರೇಷನ್ ಬಗ್ಗೆ ನೀವು ಬರೆದ ಲೇಖನದಲ್ಲಿ, ಮೊದಲನೆಯದು ಕೆಟ್ಟರೂ ಎರಡನೆಯದರಲ್ಲಿ ಸುಲಭವಾಗಿ ಸರಿಮಾಡಬಹುದು ಅಂತ ಒಂದೇ ಸಾಲಿಗೆ ಮುಗಿಸಿದ್ದೀರಿ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ನನ್ನ ತಂಗಿಗೆ ಮೊದಲ ಸಲ ಮೂಗಿನ ನಡುಗೋಡೆಯ ಮೃದ್ವಸ್ಥಿಯನ್ನು (ಮೆತ್ತನೆಯ ಎಲುಬು, ಕಾರ್ಟಿಲೇಜ್) ಅಗತ್ಯಕ್ಕಿಂತ ಹೆಚ್ಚು ತೆಗೆದುಬಿಟ್ಟಿದ್ದರು. ಬರಬರುತ್ತಾ ಮೂಗಿನ ನಡುಭಾಗ ತಗ್ಗಿತು. ಸ್ವಲ್ಪ ಜೋರಾಗಿ ಉಸಿರೆಳೆದರೂ ಹೊಳ್ಳೆಯ ಪಕ್ಕ ಒಳಕ್ಕೆ ಅಂಟಿಕೊಳ್ಳುತ್ತಿತ್ತು. ಕೆನ್ನೆಯನ್ನು ಬೆರಳಿಂದ ಪಕ್ಕಕ್ಕೆ ಎಳೆದು ಹಿಡಿದರೆ ಮಾತ್ರ ಗಾಳಿ ಆಡುತ್ತಿತ್ತು. ರಾತ್ರಿಯೆಲ್ಲ ಬಾಯಲ್ಲೇ ಉಸಿರಾಟ, ಬೆಳಿಗ್ಗೆ ಎದ್ದರೆ ಗಂಟಲು ಒಣಗಿ ಮಾತೇ ಹೊರಡುತ್ತಿರಲಿಲ್ಲ. ಇದನ್ನು ಬರೀ ಅಂದದ ವಿಷಯ ಅನ್ನುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಎರಡನೇ ಸಲ ಕೈಹಾಕುವಾಗ ಒಳಗೆಲ್ಲ ಗಾಯ ಮಾಗಿದ ಗಟ್ಟಿ ಅಂಗಾಂಶ ಇರುತ್ತದೆ, ಪದರ ಬಿಡಿಸುವುದೇ ಕಷ್ಟ. ಆಸರೆ ಕಟ್ಟಲು ಮೂಗಿನಲ್ಲೇ ಸಾಕಷ್ಟು ಮೃದ್ವಸ್ಥಿ ಉಳಿದಿರುವುದಿಲ್ಲ. ಕಿವಿಯಿಂದ ತೆಗೆಯೋಣವೆಂದರೆ ಅಲ್ಲಿಯದು ಮೆದು, ಬಾಗಿದ್ದು. ಹೆಚ್ಚು ಬೇಕಾದಾಗ ಪಕ್ಕೆಲುಬಿನದನ್ನೇ ತೆಗೆಯಬೇಕು. ಅಂದರೆ ಎದೆಯ ಮೇಲೊಂದು ಗಾಯ, ಉಸಿರೆಳೆದಾಗಲೆಲ್ಲ ನೋವು, ಕೂರಿಸಿದ ತುಂಡು ಮುಂದೆ ಡೊಂಕಾಗುವ ಭಯ ಬೇರೆ.

ಎರಡನೇ ಆಪರೇಷನ್ನಿಗೆ ಮೊದಲು ಊತ ಪೂರ್ತಿ ಇಳಿಯಲು ಸಾಮಾನ್ಯವಾಗಿ ವರ್ಷವಾದರೂ ಕಾಯಬೇಕು ಅಂತ ಲೇಖನದಲ್ಲಿ ಅಂದದ್ದು ಸರಿ. ಆದರೆ ನಡುಗೋಡೆಯಲ್ಲಿ ರಕ್ತ ಕಟ್ಟಿಕೊಂಡರೆ, ಒಳಗಿಟ್ಟ ಇಂಪ್ಲಾಂಟ್‌ಗೆ (ಕೃತಕ ತುಂಡಿಗೆ) ಸೋಂಕು ತಗುಲಿದರೆ ಕಾಯುವಂತೆಯೇ ಇಲ್ಲ, ಅಂದೇ ವೈದ್ಯರಿಗೆ ತೋರಿಸಬೇಕು. ಇದನ್ನು ದಯವಿಟ್ಟು ಲೇಖನಕ್ಕೆ ಸೇರಿಸಿ. ಇನ್ನು ಓದುಗರಿಗೆ: ಮೊದಲ ಆಪರೇಷನ್ನಿನಲ್ಲಿ ಏನು ತೆಗೆದರು, ಏನು ಇಟ್ಟರು ಎಂಬ ವಿವರದ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಎರಡನೇ ಸರ್ಜನ್ ಮೊದಲು ಕೇಳುವುದೇ ಅದನ್ನು.