ನೋವಾ ಅಂದ್ರ ಎಲ್ಲಿ ನೋವು?

ಹೋದ ಭಾನುವಾರ ಚರ್ಚಿನಲ್ಲಿ ನಮ್ಮ ಮಗಳಿಗೆ ದೀಕ್ಷಾಸ್ನಾನ ಆಯಿತು. ಹೆಸರು ರೂತ್. ಅಷ್ಟೇ. ಹಿಂದೆ ಮುಂದೆ ಏನೂ ಇಲ್ಲ. ಇಷ್ಟು ಪುಟ್ಟ ಹೆಸರು ಸಿಗೋಕೆ ನಮಗೆ ಏಳು ತಿಂಗಳು ಹಿಡಿಯಿತು ಅಂದರೆ ಆಫೀಸಿನಲ್ಲಿ ಯಾರೂ ನಂಬುತ್ತಿಲ್ಲ. ಹಾಗಾಗಿ ಪೂರ್ತಿ ಕಥೆ ಇಲ್ಲೇ ಬರೆದುಬಿಡುತ್ತೇನೆ.

ಚಿಕ್ಕ ಹೆಸರೇ ಬೇಕು ಅಂತ ಹಟ ಹಿಡಿದವನು ನಾನು. ಕಾರಣ ನನ್ನ ಹೆಸರು. ಕನ್ನಡದಲ್ಲಿ 8 ಅಕ್ಷರ, ಇಂಗ್ಲಿಷಿನಲ್ಲಿ 17. ನನ್ನ ದೀಕ್ಷಾಸ್ನಾನದ ದಿನ ಅಪ್ಪ ಒಂದು ತುಂಡು, ದೊಡ್ಡಪ್ಪ ಒಂದು ತುಂಡು, ಚರ್ಚಿನ ಅಯ್ಯನವರು ಒಂದು ತುಂಡು ಸೇರಿಸಿದರಂತೆ. ಯಾರಿಗೂ ಬೇಜಾರಾಗಬಾರದು ನೋಡಿ! ಒಂದು ಪರೀಕ್ಷೆಯ ಹಾಲ್ ಟಿಕೆಟ್ಟಿನಲ್ಲಿ ಚೌಕಗಳು ಮುಗಿದುಹೋಗಿ ಕೊನೆಯ ಅಕ್ಷರವೇ ಬಿದ್ದುಹೋಗಿತ್ತು. ಅದನ್ನು ಸರಿಮಾಡಿಸಲು ಅಪ್ಪ ಮೂರು ದಿನ ರಜೆ ಹಾಕಿ ಓಡಾಡಿದ್ದರು.

ಆದರೆ ನಮ್ಮ ಹಿರಿಯರ ಉದ್ದ ಹೆಸರುಗಳ ಬಗ್ಗೆ ನನಗೆ ಪ್ರೀತಿಯೂ ಇದೆ. ನಾವು ಧಾರವಾಡದ ಕಡೆಯವರು, ಹಳೇ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆ) ಮನೆತನ. ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಬಂದವರು ಯುರೋಪಿನವರಾದರೂ ನಮ್ಮ ಮನೆಗಳಲ್ಲಿ ಉಳಿದದ್ದು ಕರುಣಾಕರ, ಸುಗುಣಾ, ದಯಾವತಿ, ಸತ್ಯಾನಂದ. ಮಂಗಳೂರಿನಲ್ಲಿ 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರ ಹೆಸರಿನ ಮುಂದೆ 'ಹರ್ಮನ್' ಬಂದು ಕೂತಿತು, ಆದರೆ ಆನಂದರಾವ್ ಹೋಗಲಿಲ್ಲ, ಕೌಂಡಿನ್ಯವೂ ಹೋಗಲಿಲ್ಲ. ನನ್ನ ಅಜ್ಜಿಯ ಓರಗೆಯವರನ್ನು ಬೀದಿಯಲ್ಲಿ ನಿಂತು ಕೂಗಿದರೆ ಯಾವ ಗುಡಿ, ಯಾವ ಚರ್ಚು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹೆಂಡತಿಯ ಮನೆ ಇದಕ್ಕೆ ಪೂರ್ತಿ ಉಲ್ಟಾ. ಅವಳು ಮಂಗಳೂರಿನ ಕೊಂಕಣಿ ಕಥೋಲಿಕ್. ಅವರ ಹಿರಿಯರು ಪೋರ್ಚುಗೀಸ್ ಹೆಸರುಗಳನ್ನು ಎಂದೋ ಒರಳಿಗೆ ಹಾಕಿ ರುಬ್ಬಿ ಚಿಕ್ಕದು ಮಾಡಿಕೊಂಡಿದ್ದಾರೆ. ಜುವಾಂವ್, ಜುಜೆ, ಪೆದ್ರು, ಪಾಸ್ಕು, ಇನಾಸ್. ಬಾಯಿ ತುಂಬ ಕರೆಯಬಹುದು. ನಮ್ಮತ್ತೆಗೆ ಅವರಪ್ಪ ಸುಮ್ನೆ 'ಶಾಂತಿ' ಅಂತ ಇಡೋಕೆ ಹೋಗಿದ್ದರಂತೆ, ಪಾದ್ರಿಗಳು ಅದರ ಜೊತೆ 'ತೆರೇಸಾ' ಸೇರಿಸಿ ಪುಸ್ತಕದಲ್ಲಿ ಬರೆದರಂತೆ. ಆ ಕಾಲಕ್ಕೆ ಇದ್ದ ಕಥೋಲಿಕ್ ಚರ್ಚಿನ 1917ರ ನಿಯಮವೇ ಹಾಗಿತ್ತು: ಮನೆಯವರು ಕ್ರೈಸ್ತ ಹೆಸರು ಇಡದಿದ್ದರೆ ಪಾದ್ರಿಗಳು ಸಂತರ ಹೆಸರೊಂದನ್ನು ಸೇರಿಸಿ ಎರಡನ್ನೂ ದಾಖಲು ಮಾಡಬೇಕು. 1983ರ ಹೊಸ ನಿಯಮ ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಅನ್ನುತ್ತದೆ, ಸಂತರ ಹೆಸರೇ ಬೇಕು ಅನ್ನೋದಿಲ್ಲ. ಇದು ಗೊತ್ತಿಲ್ಲದೆ ಈಗಲೂ ಎಷ್ಟೋ ಜನ "ಶಾಂತಿ ಅಂತ ಇಟ್ಟರೆ ಚರ್ಚಿನಲ್ಲಿ ಒಪ್ಪಲ್ಲ" ಅಂತ ಹೆದರಿಸುತ್ತಿರುತ್ತಾರೆ.

ಸರಿ, ಹುಡುಕಾಟಕ್ಕೆ ಬರೋಣ. ಹುಟ್ಟೋದು ಗಂಡೋ ಹೆಣ್ಣೋ ಗೊತ್ತಿಲ್ಲವಲ್ಲ, ಎರಡೂ ಪಟ್ಟಿ ಶುರುವಾಯಿತು. ಅಮೆರಿಕದಲ್ಲಿರುವ ಕಸಿನ್ ವಾಟ್ಸಾಪಿನಲ್ಲಿ ಕಳಿಸಿದಳು: ನೋವಾ, ಲಿಯಾಮ್, ಈಥನ್, ಎಲೈ, ಐವನ್. ಎಲ್ಲ ಪುಟ್ಟ ಪುಟ್ಟ ಹೆಸರು. ಅಲ್ಲಿ 2013ರಿಂದ 2016ರವರೆಗೆ ಗಂಡುಮಕ್ಕಳ ಹೆಸರಿನಲ್ಲಿ ನೋವಾನೇ ಮೊದಲು, ಆಮೇಲೆ ಲಿಯಾಮ್ ಅಂತೆ. "ಎಲ್ಲ ಬೈಬಲ್ ಹೆಸರು, ಕಣ್ಣುಮುಚ್ಚಿ ಇಟ್ಟುಬಿಡು" ಅಂದಳು. ಲಿಯಾಮ್ ಬೈಬಲ್ಲಿನಲ್ಲಿ ಎಲ್ಲಿದ್ದಾನೆ ಮಾರಾಯ್ತಿ? ಅದು ವಿಲಿಯಂನ ಐರಿಷ್ ಬಾಲ.

ಪಟ್ಟಿಯನ್ನು ಧಾರವಾಡದಲ್ಲಿ ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಅಕ್ಕಿ ಆರಿಸುತ್ತಾ ಕೂತಿದ್ದರು. ಮೊರದಿಂದ ತಲೆ ಎತ್ತಲಿಲ್ಲ.

"ನೋವಾ."

"ನೋವಾ? ಎಲ್ಲಿ ನೋವು? ದಿನಾ ಕೂಸಿಗೆ ನೋವಾ, ನೋವಾ ಅಂತ ಕೇಳ್ಕೋತ ಕೂಡೂದೇನು?"

"ಎಲೈ. ನಮ್ಮ ಬೈಬಲ್ಲಿನಲ್ಲಿ ಏಲಿ ಅಂತ ಇದೆಯಲ್ಲ, ಅದೇ."

"ಎಲಿ ಇಟ್ಟೀ ಅಂದ್ರ ಅಡಿಕಿ ಯಾರಿಗಿಡ್ತೀ?"

"ಐವನ್."

"ಇವನಾ? ಯಾವನು?"

ಅಲ್ಲಿಗೆ ಕಸಿನ್ ಪಟ್ಟಿ ಮುಗಿಯಿತು. ನಗು ಬಂದರೂ ಅಜ್ಜಿ ಹೇಳಿದ ಮುಂದಿನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. "ಪಡಸಾಲ್ಯಾಗ ನಿಂತು ಹಿತ್ತಲದಾಗಿನ ಹುಡುಗಿನ್ನ ಕರಿಯಾಕ ಬರ್ಬೇಕು. ಅದು ಹೆಸರು."

ಯೋಚನೆ ಮಾಡಿ, ಇದಕ್ಕಿಂತ ಒಳ್ಳೆಯ ಅಳತೆ ಇದೆಯಾ? ಹೆಸರಿನ ಉದ್ದವನ್ನು ನಾವು ಇಂಗ್ಲಿಷ್ ಅಕ್ಷರ ಎಣಿಸಿ ಲೆಕ್ಕ ಹಾಕುತ್ತೇವೆ. ನಾಲ್ಕೇ ಅಕ್ಷರ, ಫಾರ್ಮಿನಲ್ಲಿ ಹಿಡಿಯುತ್ತದೆ ಅಂತ. ಆದರೆ ಹೆಸರಿಗೆ ಕೆಲಸ ಇರೋದು ಬಾಯಲ್ಲಿ. ಕನ್ನಡದ ಬಾಯಿ ಅರ್ಧಾಕ್ಷರದಲ್ಲಿ ನಿಲ್ಲೋದಿಲ್ಲ, ಕೊನೆಗೊಂದು ಸ್ವರ ಹಾಕಿ ಎಳೆದೇ ಎಳೆಯುತ್ತದೆ. ಬಸ್ಸು, ಕಾರು, ಚರ್ಚು ಆದ ಹಾಗೆ. ಜಾನ್ ನಮ್ಮಲ್ಲಿ ಜಾನಪ್ಪ ಆದ, ಆನ್ ಅನ್ನಮ್ಮ ಆದಳು. ಬೆಂಗಳೂರಿಗೆ ಬಂದ ಹೊಸದರಲ್ಲಿ ಮೆಜೆಸ್ಟಿಕ್ ಹತ್ತಿರ ಅಣ್ಣಮ್ಮ ದೇವಿಯ ಬೋರ್ಡು ನೋಡಿ, ನಮ್ಮ ಚರ್ಚಿನ ಅನ್ನಮ್ಮತ್ತೆಗೆ ಯಾರೋ ಗುಡಿ ಕಟ್ಟಿದ್ದಾರೆ ಅಂದುಕೊಂಡಿದ್ದೆ.

ನಾಲಿಗೆ ಮಾಡೋ ಕೆಲಸಕ್ಕೆ ಒಂದು ದೊಡ್ಡ ಉದಾಹರಣೆ ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ. ಆಕೆಗೆ ಇಟ್ಟಿದ್ದ ಹೆಸರು ಒರ್ಫಾ. ಬೈಬಲ್ಲಿನಲ್ಲಿ ರೂತಳ ಓರಗಿತ್ತಿ. ಜನರ ಬಾಯಲ್ಲಿ ಅದು ಹಿಂದುಮುಂದಾಗಿ ಓಪ್ರಾ ಆಯಿತು, ಹಾಗೇ ನಿಂತಿತು. ಅಮೆರಿಕದ ನಾಲಿಗೆಯೇ ಹೀಗೆ ಮಾಡಿದರೆ ನಮ್ಮ ಓಣಿಯ ನಾಲಿಗೆ ಬಿಡುತ್ತದಾ?

ಅವತ್ತಿನಿಂದ ಇಂಗ್ಲಿಷ್ ಪಟ್ಟಿ ಬಿಟ್ಟು ಕನ್ನಡ ಬೈಬಲ್ ತೆಗೆದು ಕೂತೆ. ನನ್ನ ಜಗಳ ಇರೋದೇ ಇಲ್ಲಿ. ನಮ್ಮ ಜನ ಚರ್ಚಿನಲ್ಲಿ ಯೋಹಾನ, ಯಾಕೋಬ, ಲೂಕ ಅಂತ ಓದುತ್ತಾರೆ. ಮನೆಗೆ ಬಂದು ಮಕ್ಕಳನ್ನು ಜಾನ್, ಜೇಮ್ಸ್, ಲ್ಯೂಕ್ ಅಂತ ಕರೆಯುತ್ತಾರೆ. ಜೇಮ್ಸ್ ಅನ್ನುವ ಗೆಳೆಯನೊಬ್ಬನಿಗೆ ಮೂವತ್ತು ವರ್ಷ ಆಗುವವರೆಗೂ ಬೈಬಲ್ಲಿನ ಯಾಕೋಬನ ಪತ್ರಿಕೆ ತನ್ನ ಹೆಸರಿನವನದೇ ಅಂತ ಗೊತ್ತಿರಲಿಲ್ಲ. ಪಕ್ಕದ ಕೇರಳದಲ್ಲಿ ಹೀಗಾಗಲಿಲ್ಲ. ಅಲ್ಲಿ ಯಾಕೋಬ ಚಾಕೊ ಆದ, ಯೋಹಾನ ನೈನಾನ್ ಆದ. ಎರಡೂ ಚಿಕ್ಕದು, ಎರಡೂ ಅವರದೇ. ನಮಗೆ ಲೂಕ ಅನ್ನೋಕೆ ಯಾಕೆ ನಾಚಿಕೆ? ಲ್ಯೂಕ್‌ಗಿಂತ ಉದ್ದವೇನಲ್ಲ. ಯೋನ ಇದೆ, ಪಾರಿವಾಳ ಅಂತ ಅರ್ಥ. ಹನ್ನ ಇದೆ. ಲೇಯಾ ಇದೆ.

ಹಾಗಂತ ಕನ್ನಡ ಬೈಬಲ್ಲಿನಲ್ಲಿರೋ ಚಿಕ್ಕ ಹೆಸರೆಲ್ಲ ಇಡೋಕಾಗಲ್ಲ ಬಿಡಿ. ಅಬ್ರಹಾಮನ ತಮ್ಮನ ಮಗ ಲೋಟ. ಶಾಲೆಯಲ್ಲಿ ಆ ಹುಡುಗನ ಗತಿ ಏನು? ತೀತ ಅಂದರೆ ಅಜ್ಜಿ "ತೀಟಿ ಮಾಡ್ತಾನ" ಅನ್ನುತ್ತಾರೆ.

ಇನ್ನೊಂದು ವಿಷಯ ಆಗಲೇ ಗೊತ್ತಾಗಿದ್ದು. ನೋವಾ ಅಂತ ಬೈಬಲ್ಲಿನಲ್ಲಿ ಒಬ್ಬಳು ಹೆಣ್ಣುಮಗಳೂ ಇದ್ದಾಳೆ. ನಾವೆ ಕಟ್ಟಿದ ನೋಹ ಬೇರೆ, ಇವಳು ಬೇರೆ. ಹೀಬ್ರೂವಿನಲ್ಲಿ ಎರಡೂ ಬೇರೆ ಬೇರೆ ಪದ. ಅವನದು ವಿಶ್ರಾಂತಿ, ಇವಳದು ಚಲನೆ. ಬೈಬಲ್ಲಿನ ಅರಣ್ಯಕಾಂಡದಲ್ಲಿ ಅಪ್ಪ ಗಂಡುಮಕ್ಕಳಿಲ್ಲದೆ ಸತ್ತಾಗ ಐದು ಜನ ಅಕ್ಕತಂಗಿಯರು ಮೋಶೆಯ ಮುಂದೆ ಹೋಗಿ ನಿಂತು ಆಸ್ತಿಯಲ್ಲಿ ಪಾಲು ಕೇಳುತ್ತಾರೆ, ಗೆಲ್ಲುತ್ತಾರೆ. ಅವರಲ್ಲೊಬ್ಬಳು. ಇದನ್ನು ಓದಿದ ಮೇಲೆ ಹೆಂಡತಿಗೆ ನೋವಾ ಮೇಲೆ ವಿಪರೀತ ಆಸೆ ಬಂತು. ನನಗೂ ಬಂತು. ಆದರೆ ಅಜ್ಜಿಯ "ಎಲ್ಲಿ ನೋವು?" ಕಿವಿಯಿಂದ ಹೋಗಲೇ ಇಲ್ಲ.

ಈ ನಡುವೆ ಮಗು ಹುಟ್ಟಿತು. ಆಷಾಢದ ಮಳೆ. ಮೂರನೇ ದಿನವೇ ಸಂಬಂಧಿಕರು "21 ದಿನದೊಳಗೆ ಹೆಸರು ಕೊಡದಿದ್ದರೆ ದಂಡ" ಅಂತ ಗಾಬರಿ ಎಬ್ಬಿಸಿದರು. ಹೊಸ ಅಪ್ಪಂದಿರೇ, ಹೆದರಬೇಡಿ. 21 ದಿನದೊಳಗೆ ನೋಂದಣಿ ಆಗಬೇಕಾದದ್ದು ಜನನ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಆದರೆ ಬರೆಸುವಾಗ ಕಾಗುಣಿತ ಮಾತ್ರ ನೂರು ಸಲ ನೋಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ನಮ್ಮದರಲ್ಲಿ 'ರುಥ್' ಅಂತ ಬಂತು. ಮತ್ತೆ ಅರ್ಜಿ, ಮತ್ತೆ ಸಾಲು. ಇಷ್ಟು ಪುಟ್ಟ ಹೆಸರಿನಲ್ಲೂ ತಪ್ಪು ಮಾಡೋಕೆ ಜಾಗ ಇತ್ತು!

ದುಬೈನಲ್ಲಿರುವ ಭಾವಮೈದ ಇನ್ನೊಂದು ಎಚ್ಚರಿಕೆ ಕೊಟ್ಟ. ನಮ್ಮ ಮನೆಯಲ್ಲಿ ಸರ್‌ನೇಮ್ ಅನ್ನೋದೇ ಇಲ್ಲ, ಇನಿಷಿಯಲ್ ಅಷ್ಟೇ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದರೆ ಪ್ರವಾಸಿ ವೀಸಾದವರನ್ನು ಒಳಗೆ ಬಿಡೋದಿಲ್ಲ ಅಂತ ಯುಎಇಯವರು 2022ರ ನವೆಂಬರಿನಲ್ಲಿ ಹೇಳಿದ್ದರು. ಹಾಗಾಗಿ ಕಾಗದದ ಮೇಲೆ ಸರ್‌ನೇಮ್ ಜಾಗಕ್ಕೆ ನನ್ನ ಹೆಸರು ಬಂದಿದೆ. ಪೂರ್ತಿ 17 ಅಕ್ಷರ. ಪಾಪ ಹುಡುಗಿ.

ರೂತ್ ಅಂತ ಹೇಗೆ ಬಂತು ಅಂದರೆ, ಅದನ್ನು ಹೇಳಿದ್ದು ಅತ್ತೆ. ಮಂಗಳೂರಿನಿಂದ ಬಂದು ಧಾರವಾಡದ ಮನೆಯಲ್ಲಿ ಬಾಣಂತನ ಮಾಡುತ್ತಿದ್ದರು. ಒಂದು ರಾತ್ರಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು, "ಸೊಸೆ ಬೇರೆ ಜನದವಳು, ಅತ್ತೆ ಬೇರೆ ಜನದವಳು, ಆದರೂ ಬಿಟ್ಟು ಹೋಗಲಿಲ್ಲವಲ್ಲ ಆ ರೂತ್" ಅಂದರು. ನನ್ನ ಹೆಂಡತಿ ಸುಮ್ಮನೆ ಅಜ್ಜಿಯ ಮುಖ ನೋಡಿದಳು. ಮದುವೆಯ ಹೊಸದರಲ್ಲಿ ಚರ್ಚು ಬೇರೆ, ಭಾಷೆ ಬೇರೆ ಅಂತ ಏನೇನು ನಡೆದಿತ್ತು ಅನ್ನೋದು ನಮಗೇ ಗೊತ್ತು. ಅಜ್ಜಿ ಹೆಸರನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದರು. ಆಮೇಲೆ ಎದ್ದು ಪಡಸಾಲೆಗೆ ಹೋಗಿ ಹಿತ್ತಲ ಕಡೆಗೆ ತಿರುಗಿ ಕೂಗಿದರು.

"ರೂತವ್ವಾಆಆ!"

ಹಿತ್ತಲಲ್ಲಿ ಯಾರೂ ಇರಲಿಲ್ಲ. ಮಗು ಇಲ್ಲೇ ಅತ್ತೆಯ ಕಾಲ ಮೇಲೆ ಬೆಚ್ಚಿಬಿದ್ದು ಅಳೋಕೆ ಶುರು ಮಾಡಿತು.

ಬೆಂಗಳೂರಿಗೆ ವಾಪಸ್ ಬಂದಾಗ ಎದುರುಮನೆಯ ಆಂಟಿ ಮಗುವಿನ ಗಲ್ಲ ಹಿಂಡಿ ಹೆಸರೇನು ಅಂತ ಕೇಳಿದರು. ಹೇಳಿದೆವು. "ಋತುನಾ? ಎಷ್ಟು ಚೆನ್ನಾಗಿದೆ! ಯಾವ ಋತು?" ಅಂದರು. ನಾನು ತಿದ್ದೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಹೆಂಡತಿ, "ಮಳೆಗಾಲದಲ್ಲಿ ಹುಟ್ಟಿದ್ದು ಆಂಟಿ" ಅಂತ ಹೇಳಿ ಬಾಗಿಲ ಬೀಗ ತೆಗೆದಳು.